ಏಳನೇ ನಂಬರಿನ ಮರ

ಕಾವಲಮ್ಮನ ಹನ್ನೊಂದನೆಯ ದಿನದ ಊಟಕ್ಕೆ ಹೋಗಿದ್ದೆ. ಅರಸೀಕೆರೆಯಿಂದ ಎಂಟೂಕಾಲರ ಬಸ್ಸು, ಜಾವಗಲ್‌ನಲ್ಲಿ ಇಳಿದು ಟೆಂಪೊ, ಆಮೇಲೆ ಇಪ್ಪತ್ತು ನಿಮಿಷದ ನಡಿಗೆ. ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತವರೂ ಬಲಕ್ಕೆ ಕೂತವರೂ ಒಂದೇ ಮಾತು ಹೇಳಿದರು: ಯಾರಿಗೂ ಕೆಟ್ಟದ್ದು ಬಯಸದ ಜೀವ. ಕೈ ತೊಳೆಯುವಲ್ಲಿ ಇನ್ನೊಬ್ಬರು ಅದನ್ನೇ ಹೇಳಿದಾಗ ನನಗೆ ರೇಗಿತು. ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಒಬ್ಬ ಮುದುಕ ಮಾತ್ರ ಆ ಮಾತು ಹೇಳಲಿಲ್ಲ. ಅವನು ತಲೆ ಬಗ್ಗಿಸಿ ಉಂಡು, ಎಲೆ ಮಡಿಸಿ, ಎದ್ದು ಹೋದ.

ಸತ್ತವರ ಮೇಲೆ ಹೂವು ಹಾಕುವುದು ಸರಿ. ಮಲಗಿರುವವರು ಯಾರೆಂದೇ ತಿಳಿಯದಷ್ಟು ಹಾಕಬಾರದು. ಆಕೆ ಒಬ್ಬನಿಗೆ ಕೆಟ್ಟದ್ದು ಬಯಸಿದ್ದಳು. ಮೂವತ್ತು ವರ್ಷ ಬಯಸಿದ್ದಳು. ಬಯಸಿದ್ದನ್ನು ಮಾಡಿಯೂ ಮುಗಿಸಿದಳು. ಅದರಲ್ಲಿ ನನ್ನ ಕೈಯೂ ಇತ್ತು. ಆದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಕಾವಲಮ್ಮ ಎನ್ನುವುದು ಊರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಇಲ್ಲಿ ಬೇಡ. ತವರು ಹಳೇಬೀಡಿನ ಕೆರೆಯ ಕೆಳಗಿನ ಒಂದು ಹಳ್ಳಿ. ಅಲ್ಲಿ ಮನೆ ಹಿತ್ತಲಿನಿಂದಲೇ ಗದ್ದೆ ಶುರು. ಕೆಸರಿನಲ್ಲಿ ಕಾಲಿಟ್ಟು ಬೆಳೆದ ಹುಡುಗಿ ಮದುವೆಯಾಗಿ ಬಂದದ್ದು ಹಾರನಹಳ್ಳಿ ಕಡೆಯ ಒಂದು ಮನೆಗೆ. ಗಂಡ ಮೂರನೆಯ ಮಗ. ಇದ್ದ ಹೊಲ ಇಬ್ಬರಿಗೇ ಸಾಲದು. ಹಾಗಾಗಿ ಆತ ಸರ್ಕಾರಕ್ಕೆ ಅರ್ಜಿ ಹಾಕಿ, ಜಾವಗಲ್ ಆಚೆಯ ಕಾವಲಿನ ಅಂಚಿನಲ್ಲಿ ನಾಲ್ಕು ಎಕರೆ ದರಖಾಸ್ತು ಜಮೀನು ಪಡೆದ.

ಕಾವಲು ಅಂದರೆ ಹಿಂದೆ ಅರಮನೆಯ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲು. ಕಣ್ಣು ಹರಿದಷ್ಟು ದೂರ ಹುಲ್ಲು. ಮಧ್ಯೆ ಒಂದು ಜಾಲಿ, ಇನ್ನೊಂದು ಫರ್ಲಾಂಗಿಗೆ ಮತ್ತೊಂದು ಜಾಲಿ. ಬೇಸಿಗೆಯಲ್ಲಿ ಹುಲ್ಲೂ ಇರುವುದಿಲ್ಲ, ಗಾಳಿ ಮಾತ್ರ. ಅಲ್ಲಿ ಮನೆ ಕಟ್ಟಿದ ಮೊದಲನೆಯ ಸಂಸಾರ ಇವರದು. ಮನೆ ಅಂದರೆ ನಾಲ್ಕು ಗೋಡೆ, ಸೋಗೆಯ ಮಾಡು. ಆಕೆ ಮೊದಲ ಸಲ ಬಂದಿಳಿದಾಗ ಸುತ್ತ ಒಂದು ಸಲ ನೋಡಿ ಗಂಡನನ್ನು ಕೇಳಿದ ಪ್ರಶ್ನೆ ಒಂದೇ: ನೀರು ಎಲ್ಲಿ? ಆತ ಕೈ ತೋರಿಸಿದ ಕಡೆ ಏನೂ ಕಾಣಲಿಲ್ಲವಂತೆ. ಅಷ್ಟು ದೂರದಲ್ಲಿತ್ತು ಕಟ್ಟೆ.

ಆಮೇಲೆ ಆಕೆ ಲೋಕವನ್ನೆಲ್ಲ ಬಿಂದಿಗೆಯಲ್ಲಿ ಅಳೆಯಲು ಕಲಿತಳು. ನಾನು ಬಲ್ಲ ಕಾಲಕ್ಕೆ ಮನೆ ಮುಂದೆಯೇ ಬಾವಿ, ಬಾವಿಗೆ ಪಂಪು ಇತ್ತು. ಆದರೂ ಅಳತೆ ಬದಲಾಗಲಿಲ್ಲ. ಅನ್ನ ಬೇಯಲು ಎಷ್ಟು ಹೊತ್ತು ಅಂದರೆ ಒಂದು ಬಿಂದಿಗೆ ಹೊತ್ತು, ಕಟ್ಟೆಗೆ ಹೋಗಿ ಒಂದು ಸಲ ನೀರು ತಂದಷ್ಟು. ಜಾವಗಲ್ ಎಷ್ಟು ದೂರ ಅಂದರೆ ಆರು ಬಿಂದಿಗೆ. ಒಮ್ಮೆ ನನ್ನ ಕೈಗಡಿಯಾರ ನಿಂತು ನಾನು ಪೇಚಾಡುತ್ತಿದ್ದಾಗ, "ಬಸ್ಸಿಗಿನ್ನೂ ಮೂರು ಬಿಂದಿಗೆ ಟೈಮೈತೆ, ಕೂತ್ಕ ಅಣ್ಣಯ್ಯ" ಎಂದಳು. ಬಸ್ಸು ಆಕೆ ಹೇಳಿದ ಹೊತ್ತಿಗೇ ಬಂತು. ನಡೆಯುವಾಗ ಎಡ ಸೊಂಟ ಹೊರಕ್ಕೆ ಬಾಗಿ, ಎಡಗೈ, ಅಲ್ಲಿಲ್ಲದ ಬಿಂದಿಗೆಯ ಕಂಠವನ್ನು ಬಳಸಿದಂತೆ ಇರುತ್ತಿತ್ತು. ಕಡೆಯವರೆಗೂ ಹಾಗೇ.

ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ನಿವೃತ್ತಿಗೆ ಕೆಲವು ವರ್ಷ ಮುಂಚೆ ಆಕೆಯ ಜಮೀನಿನ ಪಕ್ಕದಲ್ಲೇ ಎರಡು ಎಕರೆ ಕೊಂಡೆ. ವಾರದ ರಜೆಗೆ ತಪ್ಪದೆ ಹೋಗುತ್ತಿದ್ದೆ. ಆಕೆ ನಾಲ್ಕಕ್ಕೆ ಏಳುವವಳು, ನಾನೂ ನಾಲ್ಕಕ್ಕೆ ಏಳುವವನು. ಹಾಗಾಗಿ ಹೊಂದಿಕೆಯಾಯಿತು. ಆಕೆಯ ತೋಟದಲ್ಲಿ ಒಂದೊಂದು ತೆಂಗಿನ ಮರದ ಗುಣವೂ ಆಕೆಗೆ ಬಾಯಿಪಾಠ ಇತ್ತು. ನನಗೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಒಂದು ವಾರ ಕಪ್ಪು ಬಣ್ಣದ ಡಬ್ಬಿ ಒಯ್ದು, ಸಿಗ್ನಲ್ ಕಂಬಕ್ಕೆ ಬರೆದಂತೆ, ಬೇಲಿಯ ಬಾಗಿಲಿನಿಂದ ಶುರುಮಾಡಿ ಎಲ್ಲ ಮರಕ್ಕೂ ನಂಬರು ಬರೆದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಏನಣ್ಣಯ್ಯ, ನಮ್ಮ ತೆಂಗಿನ್ಮರ ಎಲ್ಲಿಗೆ ಹೊಂಟ್ವು? ಮೈಸೂರಿಗೋ ಹುಬ್ಳಿಗೋ?" ಎಂದು ಸದ್ದಿಲ್ಲದೆ ನಕ್ಕಳು. ಆಕೆಯ ನಗುವಿಗೆ ಯಾವತ್ತೂ ಸದ್ದಿರಲಿಲ್ಲ, ಭುಜ ಮಾತ್ರ ಅಲ್ಲಾಡುತ್ತಿತ್ತು. ಆದರೆ ನಂಬರನ್ನು ಒಂದೇ ವಾರದಲ್ಲಿ ಕಲಿತುಬಿಟ್ಟಳು. ಹನ್ನೆರಡಕ್ಕೆ ಗೊಬ್ಬರ ಹಾಕಿದೆ, ಮೂವತ್ತೊಂದರಲ್ಲಿ ಕಾಯಿ ಕೆಡವಿಸಿದೆ ಎಂದೇ ಮಾತು.

ಏಳನೇ ನಂಬರಿನ ಮರ ನೋಡಲು ಬಲು ಚೆಂದ. ದಪ್ಪ ಬೊಡ್ಡೆ, ದಟ್ಟ ಗರಿ. ಹೊಂಬಾಳೆಯೂ ತುಂಬ ಬಿಡುತ್ತಿತ್ತು. ಆದರೆ ಹರಳು ಕಟ್ಟಿದ ತಿಂಗಳಲ್ಲೇ ಆ ಎಳೆ ಮಿಡಿಗಳೆಲ್ಲ ಉದುರಿ ಬುಡದಲ್ಲಿ ಬಿದ್ದಿರುತ್ತಿದ್ದವು. ವರ್ಷಕ್ಕೆ ಹತ್ತು ಹನ್ನೆರಡು ಕಾಯಿ ನಿಂತರೆ ಹೆಚ್ಚು. ಅಂಥ ಮರವನ್ನು ನಮ್ಮ ಕಡೆ ಯಾರೂ ಉಳಿಸಿಕೊಳ್ಳುವುದಿಲ್ಲ, ಕಡಿದು ತೊಲೆ ಮಾಡುತ್ತಾರೆ. ಆಕೆ ಅದಕ್ಕೂ ಉಳಿದ ಮರಗಳಷ್ಟೇ ನೀರು, ಗೊಬ್ಬರ ಕೊಡುತ್ತಿದ್ದಳು. ಅಷ್ಟೇ ಅಲ್ಲ, ಅದರದೇ ಕಾಯಿಯಿಂದ ಎರಡು ಸಸಿ ಮಾಡಿ ಮನೆ ಹಿಂದೆ ನೆಟ್ಟಿದ್ದಳು. ಅವೂ ಬೆಳೆದು ನಿಂತು ಅಮ್ಮನಂತೆಯೇ ಹರಳು ಉದುರಿಸುತ್ತಿದ್ದವು. ನಾನು ಅವಕ್ಕೆ ೭ಅ, ೭ಆ ಎಂದು ಬರೆದಿದ್ದೆ. ಕಡಿಸಬಾರದೇನಮ್ಮ ಎಂದು ಕೇಳಿದರೆ, ಇರಲಿ ಎನ್ನುವಳು. ಆ ಕಾಲಕ್ಕೆ ಜಾವಗಲ್‌ನಿಂದ ಗಂಡಸಿಯವರೆಗೆ ಹೊಸ ತೋಟ ಮಾಡಿದವರೆಲ್ಲ ಆಕೆಯಿಂದಲೇ ಸಸಿ ಒಯ್ಯುತ್ತಿದ್ದರು. ಆಕೆ ಎಲ್ಲರಿಗೂ ಅತ್ಯುತ್ತಮ ಮರಗಳ ಕಾಯಿಯನ್ನೇ ಆರಿಸಿ ಸಸಿ ಮಾಡಿಕೊಡುತ್ತಿದ್ದಳು. ಹೊಗಳುವವರು ಹೊಗಳುವುದಕ್ಕೆ ಕಾರಣವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ತೊಂಬತ್ತರ ದಶಕದ ಮೊದಮೊದಲ ಒಂದು ಭಾನುವಾರ ಊರ ಪಟೇಲರ ಮಗ ಸ್ಕೂಟರಿನಲ್ಲಿ ಬಂದ. ಹೆಸರಿಗೆ ಪಟೇಲರ ಮಗ, ವಯಸ್ಸು ನಲವತ್ತು ದಾಟಿತ್ತು. ರಸ್ತೆಯ ಪಕ್ಕದ ಕೆಳಗಿನ ಜಮೀನು ಅವನದು. ಕಾವಲಮ್ಮನ ಅಂಗಳದಲ್ಲಿ ನಿಂತರೆ ಅದಷ್ಟೂ ಕಾಣುತ್ತದೆ. ಆಕೆಯನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದ. ಬೋರು ಹಾಕಿಸಿದ್ದೇನೆ, ನೀರು ಚೆನ್ನಾಗಿ ಬಿದ್ದಿದೆ, ಅರವತ್ತು ಸಸಿ ನಿನ್ನ ಕೈಯಿಂದಲೇ ಬೇಕು ಎಂದ. ಆಕೆ ಅವನಿಗೆ ಮಣೆ ಕೊಟ್ಟು, ಕಾಫಿ ಕೊಟ್ಟು, ನಿಧಾನವಾಗಿ ಹೇಳಿದಳು:

"ನಿಂಗೆ ಅಂದ್ರೆ ಎಲ್ಲಾರ್ಗೂ ಕೊಟ್ಟಂಗೆ ಕೊಡಾಕಾಯ್ತದಾ? ನಾನೇ ಆರಿಸ್ಬೇಕು. ಎರಡು ವರ್ಷ ತಡ್ಕಳಪ್ಪ."

ಅವನಿಗೆ ಹಿಗ್ಗೋ ಹಿಗ್ಗು.

ಅಂದಿನಿಂದ ಆಕೆ ಕಾಯಿ ಕೂಡಿಡತೊಡಗಿದಳು. ಬಚ್ಚಲ ನೀರು ಹರಿಯುವ ಕಡೆ ಮರಳಿನ ಪಾತಿ ಮಾಡಿ, ಕಾಯಿಗಳನ್ನು ಹೂತು, ಮೇಲೆ ಹುಲ್ಲು ಮುಚ್ಚಿದಳು. ಕಾಯಿ ಯಾವ ಮರದಿಂದ ಇಳಿದವೆಂದು ನಾನು ಕಣ್ಣಾರೆ ಕಂಡೆ. ಏಳು, ೭ಅ, ೭ಆ. ಬೇರೆ ಯಾವುದರದೂ ಒಂದಿಲ್ಲ. ಇವು ಯಾರಿಗೆ ಎಂದು ಕೇಳಿದೆ. ಆಕೆ ಕೆಳಗಿನ ಜಮೀನಿನ ಕಡೆ ಗದ್ದ ಎತ್ತಿ ತೋರಿಸಿದಳು. ಅವತ್ತು ಮರಳು ಸರಿಸುತ್ತ ಕೂತೇ ನನಗೆ ಆ ಹಳೆಯ ಕತೆ ಹೇಳಿದ್ದು.

ಕಾವಲಿಗೆ ಬಂದ ವರ್ಷವೇ ಅವರು ನಲವತ್ತು ತೆಂಗಿನ ಸಸಿ ನೆಟ್ಟಿದ್ದರು. ಬಾವಿ ಇನ್ನೂ ಇರಲಿಲ್ಲ. ಎರಡು ಬೇಸಿಗೆ ಆಕೆ ಕಟ್ಟೆಯಿಂದ ನೀರು ಹೊತ್ತು ಹಾಕಿದಳು, ತಲೆಯ ಮೇಲೊಂದು ಬಿಂದಿಗೆ, ಸೊಂಟದಲ್ಲೊಂದು. ದಿನ ಬಿಟ್ಟು ದಿನ ಒಂದೊಂದು ಸಸಿಗೆ ಒಂದೊಂದು ಬಿಂದಿಗೆ. ಎರಡನೆಯ ಬೇಸಿಗೆಯಲ್ಲಿ ಆಕೆ ಏಳು ತಿಂಗಳ ಬಸುರಿ. ಸಸಿಗಳು ಮೊಣಕಾಲು ದಾಟಿ ಸೊಂಟದೆತ್ತರ ಬಂದಿದ್ದವು. ಊರಿನವರಿಗೆ ಇದು ಸರಿಬರಲಿಲ್ಲ. ಅಲ್ಲಿಯವರೆಗೆ ಆ ನಾಲ್ಕು ಎಕರೆಯಲ್ಲಿ ಊರ ದನ ಮೇಯುತ್ತಿದ್ದವು, ಅದೂ ನಿಜವೇ. ಒಂದು ಸಂತೆಯ ದಿನ ಗಂಡ ಹೆಂಡತಿ ಇಬ್ಬರೂ ಜಾವಗಲ್‌ಗೆ ಹೋಗಿದ್ದಾಗ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಪಟೇಲರ ಮಗ ಮುಳ್ಳಿನ ಗೇಟು ಎಳೆದುಹಾಕಿ ಮೂವತ್ತು ದನ ಒಳಗೆ ಬಿಟ್ಟ. ಇವರು ಹಿಂತಿರುಗಿದಾಗ ಸಸಿಗಳೆಲ್ಲ ಸುಳಿ ಕಿತ್ತು ಮೋಟಾಗಿ ನಿಂತಿದ್ದವು. ಅವನು ಓಡಿಹೋಗಿರಲಿಲ್ಲ. ಬದುವಿನ ಮೇಲೆ ಕೂತು ಕಡ್ಡಿ ಕಚ್ಚುತ್ತಿದ್ದ.

"ಹುಲ್ಲು ಅಂದ್ಕಂಡ್ವು ಕಣಮ್ಮಿ, ದನಕ್ಕೇನು ಗೊತ್ತಾಯ್ತದೆ" ಎಂದನಂತೆ. "ಇನ್ನೊಂದ್ಸಲ ನೆಡು. ನೀರು ಹೊರಾಕೆ ಸೊಂಟ ಐತಲ್ಲ."

ಗಂಡ, ಹೋಗಲಿ ಬಿಡು ಎಂದ. ಆತ ಅದನ್ನೇ ಹೇಳುವ ಮನುಷ್ಯ. ಹಾವು ಕಂಡರೂ ಹೋಗಲಿ ಬಿಡು, ಮಳೆ ತಪ್ಪಿದರೂ ಹೋಗಲಿ ಬಿಡು. ಬಂಗಾರದಂಥ ಮನುಷ್ಯ, ಆತನೊಬ್ಬನೇ ಹಾರೆ ಹಿಡಿದು ಆ ಬಾವಿಯ ಅರ್ಧ ತೋಡಿದ್ದು. ಆದರೆ ಆ ಮಾತು ಕೇಳಿದಾಗಲೆಲ್ಲ ಆಕೆಯ ದವಡೆ ಬಿಗಿಯುವುದನ್ನು ನಾನೇ ನೋಡಿದ್ದೇನೆ. ನಲವತ್ತರಲ್ಲಿ ಒಂದೇ ಒಂದು ಸಸಿ ಮತ್ತೆ ಚಿಗುರಿತು. ಅದೇ ಏಳನೇ ನಂಬರಿನ ಮರ.

"ದನ ಕಚ್ಚಿದ್ಕೆ ಹಂಗಾಯ್ತೋ, ಬೀಜ್ದಾಗೇ ಇತ್ತೋ ನಂಗೊತ್ತಿರ್ಲಿಲ್ಲ ಅಣ್ಣಯ್ಯ" ಎಂದಳು. "ಅದ್ಕೇ ಅದರ ಮಕ್ಕಳ್ನ ಹಿಂದ್ಗಡೆ ನೆಟ್ಟು ನೋಡ್ದೆ. ಅವೂ ಹಂಗೇ ಉದುರುಸ್ದೋ ನೋಡು, ಅವತ್ತು ನಂಗೆ ನಿದ್ದೆ ಬಂತು."

ಎಂಟು ಹತ್ತು ವರ್ಷ ಕಾದು ಆ ಗುಣ ಮಕ್ಕಳಿಗೂ ಇಳಿಯುತ್ತದೆಂದು ಖಾತ್ರಿ ಮಾಡಿಕೊಂಡು ಕೂತಿದ್ದ ಹೆಂಗಸು ಅದು. ಇನ್ನೂ ಎಂಟು ಹತ್ತು ವರ್ಷ ಕಾಯಲು ಸಿದ್ಧವಾಗಿದ್ದಳು. ತೆಂಗಿನ ಸಸಿ ನೋಡಿದರೆ ತಾಯಿಮರ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಮರ ಎಂಥದೆಂದು ಗೊತ್ತಾಗುವುದು ಹೊಂಬಾಳೆ ಒಡೆದ ಮೇಲೆಯೇ.

ನಾನು ಆಕೆಯನ್ನು ತಡೆಯಬಹುದಿತ್ತು. ತಡೆಯಲಿಲ್ಲ. ಏಳು ತಿಂಗಳ ಬಸುರಿಯ ಸೊಂಟದ ಮಾತು ಆಡಿದವನಿಗೆ ಅಷ್ಟು ಆಗಬೇಕು ಎಂದು ನನಗೂ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಸಂಜೆ ಮನೆಗೆ ಹೋಗಿ ಡೈರಿಯಲ್ಲಿ ತಾರೀಖು ಹಾಕಿ ಬರೆದೆ: ಏಳು, ೭ಅ, ೭ಆ, ಕೆಳಗಿನ ಜಮೀನಿಗೆ. ಎರಡನೆಯ ವರ್ಷ ಅರವತ್ತು ಸಸಿ ತುಂಬಿದಾಗ ಅದನ್ನೂ ಬರೆದೆ. ಸಸಿ ಒಯ್ಯಲು ಗಾಡಿ ಬಂದ ದಿನ ಗಂಡ ಬಾವಿಯ ಹಿಂದೆ ಹೋಗಿ ಕೂತಿದ್ದ. ಆತನಿಗೂ ಗೊತ್ತಿತ್ತು. ಹೋಗಲಿ ಬಿಡು ಎನ್ನಲು ಮೊದಲ ಸಲ ಬಾಯಿ ಬರಲಿಲ್ಲವೇನೋ. ಮುಂದಿನ ವರ್ಷವೇ ಆತ ತೀರಿಕೊಂಡ.

ಸಸಿಗಳು ಸೊಗಸಾಗಿ ಬೆಳೆದವು. ಪಟೇಲರ ಮಗ ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಕಂಡಕಂಡಲ್ಲಿ ಆಕೆಯನ್ನು ಕೊಂಡಾಡಿದ. ಅಕ್ಕನ ಕೈಗುಣ, ಒಂದು ಕಾಸು ಮುಟ್ಟಲಿಲ್ಲ ಎಂದ. ಸಂಕ್ರಾಂತಿಗೆ ತಪ್ಪದೆ ಎಳ್ಳುಬೆಲ್ಲ ಕಳಿಸುತ್ತಿದ್ದ. ಆಕೆ ಅದನ್ನು ನಗುಮುಖದಿಂದ ಇಸಿದುಕೊಂಡು, ತಂದವರು ಬೇಲಿ ದಾಟಿದ ಮೇಲೆ ದನದ ಕಲಗಚ್ಚಿಗೆ ಸುರಿಯುತ್ತಿದ್ದಳು. ಮಗಳು ಒಮ್ಮೆ, "ಅವ್ವಾ, ಸಾಕು ಬಿಡು, ಅವ್ರೀಗ ಒಳ್ಳೇರೇ ಅವ್ರೆ" ಎಂದಳು. ಆ ಬೇಸಿಗೆಯಲ್ಲಿ ಹೊಟ್ಟೆಯಲ್ಲಿದ್ದವಳು ಇವಳೇ. ಆಕೆ ಮಗಳ ಮುಖ ನೋಡಿ, ನೀನು ಅವತ್ತು ಒಳಗಿದ್ದೆ, ನಿನಗೆ ಕೇಳಿಸಲಿಲ್ಲ ಎಂದಳು.

ಶತಮಾನ ತಿರುಗುವ ಹೊತ್ತಿಗೆ ಕೆಳಗಿನ ತೋಟ ಹೊಂಬಾಳೆಗೆ ಬಂತು. ಆಕೆ ಅಂಗಳದಲ್ಲಿ ಬೆನ್ನು ತಿರುಗಿಸದೆ ಕೂರತೊಡಗಿದಳು. ರಾಗಿ ಕೇರಲಿ, ಸೊಪ್ಪು ಬಿಡಿಸಲಿ, ಮುಖ ಆ ಕಡೆಗೇ. ಆಗ ಬಂತು ತೆಂಗಿನ ನುಸಿರೋಗ. ಆ ವರ್ಷ ನಮ್ಮ ಕಡೆ ಯಾರ ತೋಟದಲ್ಲೂ ಕಾಯಿ ಕಾಯಿಯಾಗಿ ಉಳಿಯಲಿಲ್ಲ. ಸಿಪ್ಪೆ ಕಂದಿ, ಬಿರಿದು, ಕಾಯಿ ನಿಂಬೆಯಷ್ಟಾಗಿ ಉದುರಿದವು. ಪಟೇಲರ ಮಗನ ಮರಗಳೂ ಹರಳು ಉದುರಿಸಿದವು. ಎಲ್ಲರದೂ ಉದುರುತ್ತಿರುವಾಗ ಅವನದು ಯಾಕೆ ಉದುರುತ್ತಿದೆ ಎಂದು ಯಾರು ಕೇಳುತ್ತಾರೆ? ಅವನು ಬೇವಿನೆಣ್ಣೆ ಹೊಡೆಸಿದ, ಬೇರಿಗೆ ಔಷಧಿ ಕಟ್ಟಿಸಿದ, ಆಮೇಲೆ ಬಂದು ಆಕೆಯ ಮುಂದೆ ಕಣ್ಣೊರೆಸಿಕೊಂಡ. ಅಕ್ಕ, ನೀನು ಕೊಟ್ಟಿದ್ದು ಬಂಗಾರ, ನುಸಿ ತಿಂದುಬಿಟ್ಟಿತು ಎಂದ.

ಅವತ್ತು ಆಕೆ ಊಟ ಮಾಡಲಿಲ್ಲ. ಆಕೆ ಅಷ್ಟು ಕಳೆಗೆಟ್ಟು ಕೂತದ್ದನ್ನು ನಾನು ಗಂಡ ಸತ್ತಾಗಲೂ ನೋಡಿರಲಿಲ್ಲ. ಮೂವತ್ತು ವರ್ಷ ಕಾದು ಕೊಟ್ಟ ಏಟು ಅವನಿಗೆ ಬಿದ್ದಿತ್ತು. ಯಾರು ಹೊಡೆದರೆಂದು ಮಾತ್ರ ಅವನಿಗೆ ತಿಳಿಯಲಿಲ್ಲ. ಹುಳ ಮಾಡಿದ್ದೆಂದು ತಿಳಿದ.

ಮೂರು ವರ್ಷದ ಮೇಲೆ ನುಸಿ ಇಳಿಯಿತು. ಉಳಿದವರ ಮರ ಚೇತರಿಸಿಕೊಂಡವು, ಅವನವು ಇಲ್ಲ. ಆಗಲೂ ಅವನು ನುಸಿಯನ್ನೇ ಬೈಯುತ್ತಿದ್ದ. ಆಕೆಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಅವನ ಮನೆಗೇ ಹೋದಳು. ಜಗಲಿಯ ಮೇಲೆ ಕೂರದೆ, ನಿಂತೇ ಹೇಳಿದಳು: ನಿನ್ನ ಮರ ಕೆಟ್ಟಿದ್ದು ನುಸಿಯಿಂದಲ್ಲ, ನಾನು ಕೊಟ್ಟ ಬೀಜವೇ ಕೆಟ್ಟದ್ದು, ಬೇಕೆಂದೇ ಕೊಟ್ಟೆ.

ಅವನು ಒಂದು ಕ್ಷಣ ನೋಡಿ, ನಕ್ಕು, ಹೆಂಡತಿಯನ್ನು ಕೂಗಿದ. "ಇಲ್ನೋಡೇ, ಅಕ್ಕ ನಮ್ ತ್ವಾಟದ ಪಾಪಾನೆಲ್ಲ ತನ್ ತಲೆ ಮ್ಯಾಲೇ ಹಾಕ್ಕತಾ ಅವ್ಳೆ. ಇಂಥೋರು ಎಲ್ಲಿ ಸಿಗ್ತಾರೆ?" ಎಂದ. ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಆ ದನದ ಸಂಗತಿ ನೆನಪಿಲ್ಲವೇ ಎಂದು ಆಕೆ ಕೇಳಿದಳು. ಅವನು, ಯಾವ ದನ ಅಕ್ಕ, ಎಂದ. ನಟನೆಯಲ್ಲ, ನಿಜವಾಗಿ ಮರೆತಿದ್ದ.

ಬರುವಾಗ ಆಕೆ ನನಗಿಂತ ಇಪ್ಪತ್ತು ಹೆಜ್ಜೆ ಮುಂದೆಯೇ ನಡೆದಳು. ನನಗೂ ಅವತ್ತು ರಾತ್ರಿ ಸಮಾಧಾನವಿರಲಿಲ್ಲ. ನಮ್ಮ ರೈಲ್ವೆ ಕೆಲಸದಲ್ಲಿ ಒಂದು ಕ್ರಮವಿದೆ. ನಾವು ಕಳಿಸಿದ ಗಾಡಿ ಮುಟ್ಟಿತೆಂದು ಮುಂದಿನ ಸ್ಟೇಷನ್ನಿನವನು ಹೇಳುವವರೆಗೆ ಆ ಗಾಡಿ ನಮ್ಮ ಜವಾಬ್ದಾರಿಯೇ. ಲೈನು ಮುಚ್ಚಿಯೇ ಇರುತ್ತದೆ. ಮರುದಿನ ಮೊದಲ ಬಸ್ಸಿಗೆ ಡೈರಿ ತೆಗೆದುಕೊಂಡು ಹೊರಟೆ.

ಪಟೇಲರ ಮಗ ತೋಟದಲ್ಲೇ ಸಿಕ್ಕಿದ. ತಾರೀಖು, ಮರದ ನಂಬರು, ಕಾಯಿಯ ಸಂಖ್ಯೆ, ಎಲ್ಲವನ್ನೂ ಓದಿದೆ. ಹನ್ನೊಂದು ವರ್ಷದ ಹಿಂದಿನ ಶಾಯಿ. ಅವನು ನನ್ನ ಹಿಂದೆ ಮೇಲಕ್ಕೆ, ಕಾವಲಮ್ಮನ ತೋಟಕ್ಕೆ ಬಂದ. ಮೊದಲು ಮನೆ ಹಿಂದಿನ ಎರಡು ಮರ ತೋರಿಸಿದೆ. ಕೊನೆಗೆ ಏಳನೆಯದರ ಹತ್ತಿರ ನಿಲ್ಲಿಸಿದೆ. ಬುಡದಲ್ಲಿ ಹರಳು ಚೆಲ್ಲಿದ್ದವು, ಅವನ ತೋಟದಲ್ಲಿ ಚೆಲ್ಲಿರುವ ಹಾಗೆಯೇ. ಅವನು ಬಗ್ಗಿ ಒಂದನ್ನು ಎತ್ತಿ ತಿರುಗಿಸಿ ನೋಡಿದ. ತೊಟ್ಟು ಹಸಿರಾಗಿಯೇ ಇತ್ತು, ನುಸಿಯ ಗುರುತಿಲ್ಲ. ಅಲ್ಲಿಂದ ಕತ್ತೆತ್ತಿ ಬೇಲಿಯ ಬಾಗಿಲ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಈಗ ಅಲ್ಲಿ ಕಬ್ಬಿಣದ ಗೇಟಿತ್ತು.

"ಸಂತೆ ದಿನ" ಎಂದ ಮೆಲ್ಲಗೆ.

ಆಕೆ ಅಂಗಳದಲ್ಲಿ ಕೂತು ಅದನ್ನು ಕೇಳಿಸಿಕೊಂಡಳು. ಕೈಯಲ್ಲಿದ್ದ ಮೊರ ಕೆಳಗಿಟ್ಟಳು, ಅಷ್ಟೇ.

ಅವನು ಆ ತಿಂಗಳಲ್ಲೇ ಅರವತ್ತೂ ಮರ ಕಡಿಸಿದ. ಕೊಡಲಿಯ ಸದ್ದು ನಾಲ್ಕು ದಿನ ಮೇಲಿನ ತೋಟದವರೆಗೂ ಕೇಳುತ್ತಿತ್ತು. ಊರಿಗೆ ನುಸಿ ಎಂದೇ ಹೇಳಿದ. ನಿಜ ಹೇಳಿದ್ದರೆ ದನದ ಕತೆಯನ್ನೂ ಹೇಳಬೇಕಾಗುತ್ತಿತ್ತಲ್ಲ. ಅದಕ್ಕೇ ಪಂಕ್ತಿಯಲ್ಲಿ ಕೂತವರಿಗೆ, ಕೊನೆಯಲ್ಲಿದ್ದ ಆ ಮುದುಕನೊಬ್ಬನನ್ನು ಬಿಟ್ಟು, ಏನೂ ಗೊತ್ತಿಲ್ಲ. ಮಳೆಗಾಲದಲ್ಲಿ ಬೇರೆ ಕಡೆಯಿಂದ ಸಸಿ ತಂದು ನೆಟ್ಟ. ಬೇಸಿಗೆಗೆ ಅವನ ಬೋರು ಬತ್ತಿತು. ಕಾವಲಮ್ಮನ ಬಾವಿಯಲ್ಲಿ ಮಾತ್ರ ನೀರಿತ್ತು.

ಅವನು ನೀರು ಕೇಳಲು ಬಂದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅವನು ಸ್ಕೂಟರು ದೂರದಲ್ಲೇ ನಿಲ್ಲಿಸಿ ನಡೆದು ಬಂದ. ತಪ್ಪಾಯ್ತು ಅನ್ನಲಿಲ್ಲ, ಆಕೆಯೂ ಅದನ್ನು ಕಾಯುತ್ತಿರಲಿಲ್ಲ. ಸಸಿ ಒಣಗುತ್ತಿವೆ, ಪೈಪು ನಾನೇ ತರುತ್ತೇನೆ, ದಿನಕ್ಕೆ ಒಂದು ಗಂಟೆ ಪಂಪು ಬಿಟ್ಟರೆ ಸಾಕು ಎಂದ. ಮಗಳು ಬಾಗಿಲಲ್ಲಿ ನಿಂತು ತಾಯಿಯ ಮುಖ ನೋಡುತ್ತಿದ್ದಳು. ಆಕೆ ಎದ್ದು ಒಳಗೆ ಹೋದಳು, ಅಟ್ಟದಿಂದ ಏನೋ ಇಳಿಸಿದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಹಳೆಯ ತಾಮ್ರದ ಬಿಂದಿಗೆ ಇತ್ತು, ಹೊಟ್ಟೆಯ ಒಂದು ಕಡೆ ತಗ್ಗಾಗಿ, ಸೊಂಟಕ್ಕೆ ಸರಿಯಾಗಿ ಸವೆದದ್ದು. ಅದನ್ನು ಅವನ ಕಾಲ ಬಳಿ ಇಟ್ಟಳು.

"ನೀರಿಗೇನಪ್ಪ, ಎಷ್ಟು ಬೇಕೋ ಅಷ್ಟು ತಗಂಡೋಗು. ಪೈಪು ಯಾಕೆ? ನೀರು ಹೊರಾಕೆ ಸೊಂಟ ಐತಲ್ಲ."

ಅವನು ಬಿಂದಿಗೆ ನೋಡಿದ, ಆಕೆಯನ್ನು ನೋಡಿದ. ಮುಖ ಕಪ್ಪಿಟ್ಟಿತು. ಮೊದಲು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಕೆಳಗೆ ಅರವತ್ತು ಸಸಿ ಬಾಡುತ್ತಿದ್ದವು. ಬಗ್ಗಿ ಬಿಂದಿಗೆ ಎತ್ತಿಕೊಂಡು ಬಾವಿಯ ಕಡೆ ನಡೆದ. ಆಕೆ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಳು. ಅವನು ತುಂಬಿದ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು, ನೀರು ತುಳುಕಿಸಿಕೊಳ್ಳುತ್ತ ಇಳಿಜಾರಿನಲ್ಲಿ ಇಳಿದು ಹೋದ. ಆಕೆಯ ಭುಜ ಸದ್ದಿಲ್ಲದೆ ಅಲ್ಲಾಡಿತು.

"ಒಂದು" ಎಂದಳು.

ನಾನು ಚೀಲದಲ್ಲೇ ಉಳಿದಿದ್ದ ಡೈರಿ ತೆಗೆದು, ಏಳನೇ ನಂಬರಿನ ಹಳೆಯ ಪುಟ ಹುಡುಕಿ, ಅದರ ಕೆಳಗೆ ಗಂಟೆ ಬರೆದೆ. ಬೆಳಿಗ್ಗೆ ಏಳು ಹತ್ತು. ಮುಟ್ಟಿತು.